ಪಟೇಲರು ಟಿವಿಯ ಬಾಗಿಲು ಎಳೆದ ಸಂಜೆ

ಈಚೆಗೆ ಹುಣಸೂರಿನಲ್ಲಿ ಒಂದು ಜಾನಪದ ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ನಾನು ಶಾಲಾ ಶಿಕ್ಷಕಿ, ಸೋಬಾನೆ ಪದ ಹೇಳುತ್ತಿದ್ದವಳ ಮಗಳು. ವೇದಿಕೆಯ ಮೇಲೆ ಒಂದು ಕುರ್ಚಿ ತುಂಬಿಸುವುದಕ್ಕೆ ಅಷ್ಟು ಸಾಕಾಗಿತ್ತು. ಮುಖ್ಯ ಭಾಷಣ ಮಾಡಿದ ಮಹನೀಯರು ಶಾಲು ಸರಿಮಾಡಿಕೊಂಡು, ಹಳ್ಳಿಗೆ ಟಿವಿ ಬಂದದ್ದೇ ಬಂದದ್ದು, ನಮ್ಮ ಸೋಬಾನೆ ಪದಗಳು ಸತ್ತವು ಎಂದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಮೈಕು ಕಿತ್ತುಕೊಳ್ಳೋಣವೆನಿಸಿತು. ವಂದನಾರ್ಪಣೆ ಮುಗಿಯುವವರೆಗೂ ಹಲ್ಲು ಕಚ್ಚಿಕೊಂಡು ಕುಳಿತಿದ್ದು, ಕೈಗಿತ್ತ ಹಣ್ಣಿನ ಬುಟ್ಟಿಯನ್ನು ಕುರ್ಚಿಯ ಮೇಲೇ ಬಿಟ್ಟು ಬಸ್ಸು ಹತ್ತಿದೆ.

ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಬೇರೆ ಊರುಗಳ ಕಥೆ ನನಗೆ ಗೊತ್ತಿಲ್ಲ. ನಮ್ಮೂರಿನಲ್ಲಿ ಸೋಬಾನೆ ಪದವನ್ನು ಕೊಂದದ್ದು ಟಿವಿಯಲ್ಲ. ಪಾಪ, ಟಿವಿ ನಮ್ಮವ್ವನ ಮುಖ ತೋರಿಸಿತ್ತು. ಕೊಂದವರು ಅದರ ಮುಂದೆ ಕುಳಿತಿದ್ದ ಮನುಷ್ಯರು.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಹೊಗೆಸೊಪ್ಪು ಬೆಳೆಯುವ ಊರು. ಅವ್ವ ಮದುವೆಯಾಗಿ ಬಂದ ಹೊಸತರಲ್ಲೇ ಸೋಬಾನೆ ಹೇಳುವುದರಲ್ಲಿ ಹೆಸರು ಮಾಡಿದ್ದಳಂತೆ. ಮದುವೆಮನೆಯ ಚಪ್ಪರದಲ್ಲಿ ಒಬ್ಬಳು ಸೊಲ್ಲು ಎತ್ತಿಕೊಡಬೇಕು, ಉಳಿದ ಹೆಂಗಸರು ಅದನ್ನು ಹಿಡಿದು ಮುಂದುವರಿಸಬೇಕು. ಎತ್ತಿಕೊಡುವವಳು ತಪ್ಪಿದರೆ ಇಡೀ ಚಪ್ಪರ ತಪ್ಪುತ್ತದೆ. ಅವ್ವ ತಪ್ಪಿದ್ದನ್ನು ಕಂಡವರಿಲ್ಲ. ಎಚ್.ಡಿ. ಕೋಟೆ ಕಡೆಯಿಂದ, ಕೆ.ಆರ್. ನಗರದ ಹೊಳೆದಂಡೆಯ ಊರುಗಳಿಂದ ವೀಳ್ಯ ಹಿಡಿದು ಬಂದು, ಗಾಡಿ ಕಟ್ಟಿಕೊಂಡು ಕರೆದುಕೊಂಡು ಹೋಗುತ್ತಿದ್ದರಂತೆ. ನಾನು ಚಿಕ್ಕವಳಿದ್ದಾಗ ಅಪ್ಪ ತೀರಿಕೊಂಡ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಳಗೆ ಸೊಪ್ಪು ಪೋಣಿಸಿದ ಕಡ್ಡಿ ಏರಿಸುವಾಗ ಮೇಲಿನ ತೊಲೆಯಿಂದ ಬಿದ್ದದ್ದು. ಅಂದಿನಿಂದ ಅವ್ವನನ್ನು ಯಾರೂ ಚಪ್ಪರಕ್ಕೆ ಕರೆಯಲಿಲ್ಲ.

ಕರೆಯದೇ ಇದ್ದುಬಿಟ್ಟಿದ್ದರೆ ಒಂದು ಲೆಕ್ಕ. ಆದರೆ ಪದಗಳು ಬೇಕಲ್ಲ. ಊರಿನಲ್ಲಿ ಮದುವೆ ಗೊತ್ತಾದ ತಕ್ಷಣ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಮನೆಯ ಹಿತ್ತಿಲಿಗೆ ಬರುತ್ತಿದ್ದರು. ಮುಂಬಾಗಿಲಿಂದಲ್ಲ, ಹಿತ್ತಿಲಿಂದ. ಸೊಪ್ಪು ಪೋಣಿಸಿ ಅಂಟಂಟಾದ ಕೈಗಳನ್ನು ಬೂದಿಯಲ್ಲಿ ತಿಕ್ಕಿಕೊಳ್ಳುತ್ತ ಕೂತು, ಅವ್ವ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಗಂಡ ಸತ್ತವಳ ಬಾಯಿ ಚಪ್ಪರದಲ್ಲಿ ಅಪಶಕುನ, ಹಿತ್ತಿಲಿನಲ್ಲಿ ಪಾಠಶಾಲೆ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ಅವ್ವನಿಗೂ ಕಾಣುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನಿಂದ ಟಿವಿಯವರು ಬಂದರು. ಸೋಬಾನೆ ಪದ ತೆಗೆದುಕೊಂಡು ಹೋಗುವುದಕ್ಕೆ. ಜೀಪಿನಿಂದ ಇಳಿದ ಅಧಿಕಾರಿ ಇನ್ನೂ ಎಳೆಯ ವಯಸ್ಸಿನವನು, ಸೌಮ್ಯ ಮಾತಿನವನು. ಈ ಊರಲ್ಲಿ ಚೆನ್ನಾಗಿ ಹಾಡುವವರು ಯಾರು ಎಂದು ಕೇಳಿದ್ದಕ್ಕೆ ಊರಿಗೆ ಊರೇ ಅವ್ವನ ಹೆಸರು ಹೇಳಿತು. ಆಮೇಲೆ ಊರಿಗೆ ಊರೇ ಪಟೇಲರ ಮುಖ ನೋಡಿತು. ಪಟೇಲಿಕೆ ಕಾಗದದಲ್ಲಿ ಹೋಗಿ ಎಷ್ಟೋ ಕಾಲವಾಗಿತ್ತು. ಊರಿನಲ್ಲಿ ಮಾತ್ರ ಹೋಗಿರಲಿಲ್ಲ.

ಪಟೇಲರು ಕೆಟ್ಟವರೆಂದು ಯಾರೂ ಹೇಳುವಂತಿರಲಿಲ್ಲ. ಅಪ್ಪ ಸತ್ತಾಗ ಸೌದೆ ಕಳಿಸಿದವರು ಅವರೇ. ಅವರು ಅಧಿಕಾರಿಯನ್ನು ಪಕ್ಕಕ್ಕೆ ಕರೆದು, ಬಹಳ ಸಮಾಧಾನವಾಗಿ, ಬುದ್ಧಿ ಹೇಳುವವರ ಹಾಗೆ ಹೇಳಿದರು. ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ.

"ನಿಮ್ ಟಿವಿ ಬರೋದು ದೀಪ ಹಚ್ಚೋ ಹೊತ್ನಲ್ಲಿ ಕಣ್ರೀ. ಎಲ್ಲಾರ ಮನೇಗೂವೆ ಓಯ್ತದೆ. ಯಾರ್ ಮನೇಲಿ ಏನ್ ಸುಬಕಾರ್ಯ ಇದ್ದದೋ ಏನೋ. ಅಂಥಾ ಹೊತ್ನಲ್ಲಿ ಈ ಮಕ ಓಗಿ ನಡುಮನೇಲಿ ನಿಂತ್ಕಂಡ್ರೆ ಎಂಗೆ, ನೀವೇ ಏಳಿ."

ಈ ಮಾತನ್ನು ಇವತ್ತಿಗೂ ನೆನೆಸಿಕೊಂಡು ಕುದಿಯುತ್ತೇನೆ. ಅವ್ವನ ಬರಿದಾದ ಹಣೆ ಆಂಟೆನಾ ಹಿಡಿದು ರಾಜ್ಯದ ಮನೆಮನೆಗೂ ಇಳಿದು ಅಲ್ಲಿನ ಮದುವೆಗಳನ್ನೆಲ್ಲ ಮುರಿಯುತ್ತದಂತೆ! ಇದೇ ಪಟೇಲರು, ದೇಶದ ಯಾರೋ ದೊಡ್ಡವರು ಸತ್ತಾಗ ಟಿವಿಯಲ್ಲಿ ದಿನವೆಲ್ಲ ಹೆಣ ತೋರಿಸಿದ್ದನ್ನು ಒಂದು ನಿಮಿಷ ಬಿಡದೆ ನೋಡಿದ್ದರು. ದೀಪ ಹಚ್ಚುವ ಹೊತ್ತಿಗೂ ನೋಡಿದರು, ಊಟದ ತಟ್ಟೆ ಮುಂದಿಟ್ಟುಕೊಂಡೂ ನೋಡಿದರು. ಹೆಣದಿಂದ ಆಗದ ಅಶುಭ ನಮ್ಮವ್ವನಿಂದ ಆಗುತ್ತದೆ.

ಅಧಿಕಾರಿಗೆ ಇರಿಸುಮುರಿಸಾಯಿತು. ಆದರೆ ಪಟೇಲರ ಮನೆಯಲ್ಲೇ ಊಟ, ಪಟೇಲರ ಮನೆಯಿಂದಲೇ ಕರೆಂಟು. ಕೊನೆಗೆ ಒಂದು ಏರ್ಪಾಡಾಯಿತು. ಪಟೇಲರ ಹೆಂಡತಿ ಮತ್ತು ಮುತ್ತೈದೆಯರು ರೇಷ್ಮೆ ಸೀರೆ ಉಟ್ಟು ಜಗಲಿಯ ಮೇಲೆ ಸಾಲಾಗಿ ಕೂರುವುದು. ಅವ್ವ ಬಾಗಿಲ ಹಿಂದೆ, ಒಳಗಡೆ ಕೂತು ಸೊಲ್ಲು ಎತ್ತಿಕೊಡುವುದು. ಅವಳ ಮುಂದೆ ಒಂದು ಮೈಕು. ಪಟೇಲರ ಹೆಂಡತಿ ಎತ್ತಿಕೊಡುವವಳ ಜಾಗದಲ್ಲಿ ಕೂತು ಬಾಯಿ ಆಡಿಸುವುದು. ಅವ್ವ ಇದಕ್ಕೂ ಆಗಲಿ ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಅವಳು ಒಳಗೆ ರಾಗಿ ಮೂಟೆಗಳ ನಡುವೆ ಕಾಲು ಮಡಿಸಿಕೊಂಡು ಕೂತು, ಕತ್ತಲಲ್ಲಿ, ಎದುರಿಗೆ ಒಂದು ಚಪ್ಪರವೇ ಇದೆಯೇನೋ ಎನ್ನುವಂತೆ ಹಾಡಿದಳು.

ಎಲ್ಲ ಮುಗಿದು, ಪಟೇಲರು ಜೀಪಿನವರಿಗೆ ತಮ್ಮ ಬ್ಯಾರನ್ನು ತೋರಿಸುವುದಕ್ಕೆ ಹೋದಾಗ, ಆ ಅಧಿಕಾರಿ ಕ್ಯಾಮರಾದವನನ್ನು ಕರೆದುಕೊಂಡು ಪಟೇಲರ ಮನೆಯ ಹಿತ್ತಿಲ ಕಡೆ ಬಂದ. ಅವ್ವ ಕಲ್ಲಿನ ಒರಳಿನ ಪಕ್ಕದಲ್ಲಿ ಕೂತು ನೀರು ಕುಡಿಯುತ್ತಿದ್ದಳು. ಅದೇ ಪದವನ್ನು ಇನ್ನೊಂದು ಸಲ ಹಾಡಿ ಅಮ್ಮ ಎಂದ. ಅವ್ವ ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿ ಹಾಡಿದಳು. ಕ್ಯಾಮರಾ ಅವಳನ್ನು ಬಿಟ್ಟು ಆಚೆ ಈಚೆ ಹೋಗಲಿಲ್ಲ. ಹೊರಡುವಾಗ ಅವನು, "ನಿಮ್ಮದನ್ನೂ ಹಾಕ್ತೀನಮ್ಮ, ತಪ್ಪದೆ ನೋಡಿ" ಎಂದು ಕೈ ಮುಗಿದ. ಅವ್ವನಿಗೆ ಹಾಗೆ ಕೈ ಮುಗಿದವರನ್ನು ನಾನು ನೋಡಿದ್ದು ಅದೇ ಮೊದಲು. ಈ ವಿಷಯ ಯಾರ ಹತ್ತಿರವೂ ಆಡಬೇಡವೆಂದು ಅವ್ವ ನನ್ನಿಂದ ಮಾತು ತೆಗೆದುಕೊಂಡಳು.

ಕಾರ್ಯಕ್ರಮ ಬರುವ ದಿನ ಗೊತ್ತಾದ ಮೇಲೆ ಅವ್ವನಿಗೆ ಕೆಲಸದ ಮೇಲೆ ಗಮನವಿರಲಿಲ್ಲ. ಬೇರೆಯವರಿಗೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು. ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಟಿವಿಯಲ್ಲಿ ಮನುಷ್ಯರ ತಲೆ ದೊಡ್ಡದಾಗಿ ಕಾಣುತ್ತದೋ ಇದ್ದಷ್ಟೇ ಕಾಣುತ್ತದೋ ಎಂದು ಒಂದು ದಿನ ಕೇಳಿದಳು. ಆಕೆ ಅಲ್ಲಿಯವರೆಗೆ ಪಟೇಲರ ಮನೆಗೆ ಟಿವಿ ನೋಡಲು ಹೋದವಳೇ ಅಲ್ಲ.

ಆ ಟಿವಿಯ ವೈಭವವನ್ನೂ ಸ್ವಲ್ಪ ಹೇಳಬೇಕು. ಊರಿಗೆ ಅದೊಂದೇ. ಕಪ್ಪು ಬಿಳುಪಿನದು, ಮರದ ಪೆಟ್ಟಿಗೆ, ಮುಂದೆ ಎರಡೂ ಕಡೆಯಿಂದ ಸರಿದು ನಡುವೆ ಕೂಡುವ ಬಾಗಿಲು. ನಾವೆಲ್ಲ ಅದನ್ನು ಶಟರ್ ಎನ್ನುತ್ತಿದ್ದೆವು. ಸಂಜೆ ಅದನ್ನು ಮೇಜಿನ ಸಮೇತ ಜಗಲಿಗೆ ತರುತ್ತಿದ್ದರು. ಗಂಡಸರು ಜಗಲಿಯ ಮೇಲೆ, ಹೆಂಗಸರು ಒಂದು ಪಕ್ಕಕ್ಕೆ, ಮಕ್ಕಳು ಅಂಗಳದ ಮಣ್ಣಿನಲ್ಲಿ. ಎಲ್ಲರೂ ಕೂತು ಗದ್ದಲ ಅಡಗಿದ ಮೇಲೆ ಪಟೇಲರು ಎದ್ದು ಗರ್ಭಗುಡಿಯ ಬಾಗಿಲು ತೆಗೆಯುವವರ ಹಾಗೆ ಶಟರ್ ತೆಗೆಯುತ್ತಿದ್ದರು. ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. ಟಿವಿಗೆ ಕುಂಕುಮ ಇತ್ತು, ನಮ್ಮವ್ವನಿಗೆ ಇರಲಿಲ್ಲ.

ಆ ಸಂಜೆಗೆಂದೇ ಪಟೇಲರು ಹುಣಸೂರಿನಿಂದ ರೇಡಿಯೋ ರಿಪೇರಿ ಮಾಡುವ ಸಾಬರನ್ನು ಕರೆಸಿದ್ದರು. ಚಿತ್ರದಲ್ಲಿ ಒಂದು ಗೆರೆಯೂ ಇರಕೂಡದು ಎಂದು. ಸಾಬರು ಏಣಿ ಹಾಕಿ ಹೆಂಚಿನ ಮೇಲೆ ಹತ್ತಿ ಆಂಟೆನಾದ ಕಂಬ ಹಿಡಿದು ನಿಂತರು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವ್ವ ತೊಳೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ ಬಂದಿದ್ದಳು. ಕೊಟ್ಟಿಗೆಯ ಗೋಡೆಗೆ ಒರಗಿ ಎಲ್ಲರಿಗಿಂತ ಹಿಂದೆ ಕೂತಳು. ಅಲ್ಲಿಂದ ತಲೆಗಳ ಮೇಲೆ ಒಂದಿಷ್ಟು ಬೆಳಕು ಕಾಣುತ್ತಿತ್ತೇ ಹೊರತು ಚಿತ್ರ ಕಾಣುತ್ತಿರಲಿಲ್ಲ. ಮುಂದೆ ಬಾ ಎಂದು ಎಳೆದೆ. ಬರಲಿಲ್ಲ. ನಾನು ಬಟ್ಟೆ ಒಗೆಯುವ ಕಲ್ಲು ಹತ್ತಿ ನಿಂತೆ.

ರೈತರ ಕಾರ್ಯಕ್ರಮದಲ್ಲಿ ಯಾರೋ ಕೋಳಿ ಸಾಕುವುದರ ಬಗ್ಗೆ ಮುಗಿಯದಷ್ಟು ಮಾತಾಡಿದರು. ಅಷ್ಟು ಹೊತ್ತಿಗೆ ಪಟೇಲರ ಮನೆಯ ಒಳಗೆ ದೇವರ ದೀಪ ಹಚ್ಚಿದರು. ಆಮೇಲೆ ಜಗಲಿ ಬಂತು. ಅದೇ ಜಗಲಿ, ಅದೇ ಜಗಲಿಯ ಮೇಲಿಟ್ಟ ಟಿವಿಯಲ್ಲಿ. ಜನ ಹೋ ಎಂದರು. ಪಟೇಲರ ಹೆಂಡತಿ ನಡುವೆ ಕೂತಿದ್ದಾರೆ. ಪದ ಶುರುವಾಯಿತು. ಅವ್ವನ ದನಿ. ಪಟೇಲರ ಹೆಂಡತಿಯ ಬಾಯಿ ದನಿಗಿಂತ ಒಂದು ಗಳಿಗೆ ತಡವಾಗಿ ತೆರೆಯಿತು. ಅದನ್ನು ಗಮನಿಸಿದವರು ಯಾರಾದರೂ ಇದ್ದರೋ ಗೊತ್ತಿಲ್ಲ. ಎಲ್ಲರೂ ಸೀರೆಯ ಅಂಚು, ಮೂಗುತಿ, ಅದು ನನ್ನ ಕೈ ಅದು ನಿನ್ನ ಬಳೆ ಎಂದು ಗುರುತು ಹಿಡಿಯುವುದರಲ್ಲಿದ್ದರು. ಒಬ್ಬ ಗಂಡಸು ಪಟೇಲರಿಗೆ, ಅಮ್ಮಾವ್ರ ಕಂಠ ಏನು ಕಂಠ ಎಂದ. ಅವನ ಮಗಳು ನಮ್ಮ ಹಿತ್ತಿಲಲ್ಲಿ ಕೂತು ಅದೇ ಪದ ಕಲಿತು ಇನ್ನೂ ವರ್ಷ ತುಂಬಿರಲಿಲ್ಲ. ಪಟೇಲರು ಬೇಡವೆನ್ನಲಿಲ್ಲ, ಮೀಸೆಯಲ್ಲಿ ನಕ್ಕರು.

ಪದದ ನಡುವೆ ಚಿತ್ರ ಬದಲಾಯಿತು. ಅವ್ವ ಬಂದಳು.

ಮುಖ ಮಾತ್ರ, ಪೆಟ್ಟಿಗೆಯ ತುಂಬ. ಕಣ್ಣು ಮುಚ್ಚಿದ್ದಳು, ಕತ್ತು ಒಂದು ಕಡೆಗೆ ವಾಲಿತ್ತು. ಈಗ ತುಟಿಗೂ ದನಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ನಾನು ಅವ್ವಾ ಎಂದು ಕೂಗಿ ಹಿಂದಕ್ಕೆ ತಿರುಗಿದೆ. ಅವಳು ಎದ್ದು ನಿಲ್ಲಲು ಗೋಡೆ ಹಿಡಿದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ಪಟೇಲರ ತಾಯಿಯ ಮಾತು ಬಂತು.

"ದೀಪ ಉರೀತಾ ಅದೆ ಕಣಪ್ಪ."

ಇಷ್ಟೇ. ಪಟೇಲರು ಎದ್ದರು. ಎರಡೂ ಕೈಯಲ್ಲಿ ಎರಡೂ ಕಡೆಯಿಂದ ಶಟರ್ ಎಳೆದರು. ಅವ್ವನ ಕಿವಿಗಳು ಹೋದವು, ಕೆನ್ನೆಗಳು ಹೋದವು, ಕೊನೆಗೆ ಮೂಗು ಬಾಯಿ ಹೋಗಿ ಮರ ಮರಕ್ಕೆ ಕೂಡಿತು. ದನಿ ಮಾತ್ರ ಹೋಗಲಿಲ್ಲ.

ದನಿಯನ್ನು ಅವರು ಆರಿಸಲಿಲ್ಲ. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಗುಂಡಿ ತಿರುಗಿಸಿ ಟಿವಿಯನ್ನೇ ಆರಿಸಿದ್ದರೆ, ಸರಿ, ಅಂಜಿಕೆ ಎನ್ನಬಹುದಿತ್ತು. ಮುಖ ಬೇಡ, ಪದ ಬೇಕು. ಊರಿನ ಜನವೆಲ್ಲ ಮುಚ್ಚಿದ ಮರದ ಪೆಟ್ಟಿಗೆಯ ಮುಂದೆ ಕೂತು ಕಿವಿಗೊಟ್ಟು ಕೇಳಿದರು. ತಲೆದೂಗಿದವರೂ ಇದ್ದರು. ಪಟೇಲರಿಗೆ ಮತ್ತೆ ತಮ್ಮ ಹೆಂಡತಿ ಬಂದಿರಬಹುದೆಂಬ ಆಸೆ. ನಡುನಡುವೆ ಶಟರನ್ನು ಎರಡು ಬೆರಳಿನಷ್ಟು ಸರಿಸಿ, ಹಾಲು ಉಕ್ಕಿತೇ ಎಂದು ನೋಡುವವರ ಹಾಗೆ ಇಣುಕುವರು, ಅವ್ವ ಕಂಡರೆ ತಟ್ಟನೆ ಮುಚ್ಚುವರು. ಮಕ್ಕಳು ನಕ್ಕರು. ಆ ಮಕ್ಕಳಲ್ಲಿ ನನ್ನ ಕ್ಲಾಸಿನವರೂ ಇದ್ದರು.

ಹೆಂಚಿನ ಮೇಲಿಂದ ಸಾಬರು ಚಿತ್ರ ಸರಿ ಬರುತ್ತಿದೆಯಾ ಎಂದು ಕೂಗಿ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಮತ್ತೆ ಕೇಳಿದರು. ಸೆಟ್ಟೇ ಕೆಟ್ಟಿರಬೇಕೆಂದು ಇಳಿದುಬಂದು, ಮುಚ್ಚಿದ ಶಟರನ್ನೂ ಅದರೊಳಗಿನಿಂದ ಬರುತ್ತಿದ್ದ ಪದವನ್ನೂ ನೋಡಿ ಅವರಿಗೆ ತಲೆಬುಡ ತಿಳಿಯಲಿಲ್ಲ. ಪಟೇಲರು ಅವರನ್ನು ಕಾಫಿ ಕುಡಿಯಲು ಕಳಿಸಿದರು. ಪದ ಮುಗಿದು ಬೇರೇನೋ ಸಂಗೀತ ಶುರುವಾದ ಮೇಲೆ ಶಟರ್ ಪೂರಾ ತೆರೆದರು. ಪರದೆಯ ಮೇಲೆ ಒಂದು ಸೋಪಿನ ಜಾಹೀರಾತು ಬರುತ್ತಿತ್ತು.

ಅವ್ವ ಅಷ್ಟು ಹೊತ್ತಿಗೆ ಅಂಗಳ ದಾಟಿದ್ದಳು.

ಇಲ್ಲಿ ಸ್ವಲ್ಪ ಮುಂದಿನದನ್ನು ಹೇಳಿಬಿಡುತ್ತೇನೆ, ಸಿಟ್ಟು ಇರುವಾಗಲೇ. ಆ ವರ್ಷದ ಕೊನೆಯಲ್ಲಿ ಪಟೇಲರ ಮಗಳ ಮದುವೆ ಗೊತ್ತಾಯಿತು. ಪಟೇಲರ ಹೆಂಡತಿ ಹೆಂಗಸರ ದಂಡು ಕಟ್ಟಿಕೊಂಡು ಯಥಾಪ್ರಕಾರ ಹಿತ್ತಿಲಿಗೆ ಬಂದರು. ಅವ್ವ ಚಾಪೆ ಹಾಕಿ ಕೂರಿಸಿದಳು. ಪದ ಕೇಳಿದಾಗ, ಹೇಳಿಕೊಡುತ್ತೇನೆ, ಆದರೆ ಚಪ್ಪರಕ್ಕೆ ನಾನೂ ಬಂದು ಮುಂದೆ ಕೂತು ಸೊಲ್ಲು ಎತ್ತಿಕೊಡುತ್ತೇನೆ ಎಂದಳು. ದನಿ ಎತ್ತರಿಸಲಿಲ್ಲ. ಪಟೇಲರ ಹೆಂಡತಿ ಸೆರಗಿನ ತುದಿ ಸುತ್ತುತ್ತ, "ಅದೊಂದ್ ಬುಟ್ಟು ಬೇರೆ ಏನಾರ ಕೇಳವ್ವ" ಎಂದರು. "ಬೇರೆ ಏನೂ ಬ್ಯಾಡ ಕಣಕ್ಕ" ಎಂದಳು ಅವ್ವ. ಮದುವೆಗೆ ಮೈಕ್‌ಸೆಟ್ಟು ತರಿಸಿದರು. ಸಿನಿಮಾ ಹಾಡು ಊರಾಚೆಯ ಬ್ಯಾರನ್ನುಗಳವರೆಗೂ ಕೇಳಿಸಿತು. ಪಟೇಲರ ಮನೆಯಲ್ಲಿ ನಡೆದದ್ದೇ ಊರಿಗೆ ಪದ್ಧತಿಯಾಯಿತು. ಮುಂದಿನ ಮದುವೆಗೂ ಮೈಕ್‌ಸೆಟ್ಟು, ಅದರ ಮುಂದಿನದಕ್ಕೂ ಅದೇ. ಅವ್ವನ ಷರತ್ತಿಗೆ ಒಪ್ಪುವ ಒಂದು ಮನೆಯೂ ಹುಟ್ಟಲಿಲ್ಲ. ಅವ್ವ ಇನ್ನೂ ಬಹಳ ವರ್ಷ ಬದುಕಿದ್ದಳು, ಪದಗಳೆಲ್ಲ ಅವಳ ಬಾಯಲ್ಲೇ ಇದ್ದವು, ಕೇಳುವವರು ಹಿತ್ತಿಲಿಗೂ ಬರಲಿಲ್ಲ. ಶಾಲು ಹೊದ್ದ ಮಹನೀಯರೇ, ನಿಮ್ಮ ಸೋಬಾನೆ ಸತ್ತದ್ದು ಹೀಗೆ.

ಈಗ ಆ ಸಂಜೆಗೇ ಬರುತ್ತೇನೆ.

ನಾನು ಕಲ್ಲಿನಿಂದ ಹಾರಿ ಅವ್ವನ ಹಿಂದೆ ಓಡಿದೆ. ಮನೆಗೆ ಬಂದು ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟಳು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಪಟೇಲರನ್ನು ಬೈದೆ, ಅವರ ತಾಯಿಯನ್ನು ಬೈದೆ, ತಲೆದೂಗಿದವರನ್ನು ಬೈದೆ. ಆ ವಯಸ್ಸಿನ ಹುಡುಗಿಗೆ ಗೊತ್ತಿರಬಾರದ ಬೈಗುಳಗಳೂ ಇದ್ದವು. ಅವ್ವ ತಡೆಯಲಿಲ್ಲ. ಅವಳು ಅಳುತ್ತಾಳೆಂದು ಕಾದೆ. ಅಳಲೂ ಇಲ್ಲ. ಒಲೆಯ ಕಡೆ ಮುಖ ಮಾಡಿಕೊಂಡೇ, ನನಗೆ ಬೆನ್ನು ಕೊಟ್ಟುಕೊಂಡೇ ಕೇಳಿದಳು.

"ನೀನ್ ಕಲ್ ಮ್ಯಾಲ್ ನಿಂತಿದ್ದಲ್ಲ ಮಗ. ನಿಂಗೆ ನನ್ ಮಕ ಕಾಣ್ತಾ?"

ಕಾಣಿಸಿತು ಎಂದೆ.

"ಎಂಗಿದ್ದೆ?"

ಅಪ್ಪ ಸತ್ತ ಮೇಲೆ ಅವ್ವ ಕನ್ನಡಿ ನೋಡಿದ್ದಿಲ್ಲ. ಮನೆಯಲ್ಲಿದ್ದ ಒಂದೇ ಕನ್ನಡಿಯನ್ನು ಯಾರೋ ನೆಂಟರು ಆ ದಿನವೇ ತೆಗೆದು ಅಟ್ಟದ ಮೇಲೆ ಹಾಕಿದ್ದರು. ತಲೆ ಬಾಚುವುದು ಕೈ ಅಂದಾಜಿನ ಮೇಲೆ. ನಾನು ಬೈಯುವುದನ್ನು ಬಿಟ್ಟು ಒಲೆಯ ಪಕ್ಕ ಹೋಗಿ ಕೂತೆ. ನೀನು ಕಣ್ಣು ಮುಚ್ಚಿದ್ದೆ, ಕತ್ತು ಸ್ವಲ್ಪ ವಾಲಿಸಿದ್ದೆ, ಚೆನ್ನಾಗಿದ್ದೆ ಎಂದೆ. ಸೀರೆ ತೊಳೆದದ್ದೋ ಮಾಸಿದ್ದೋ ಗೊತ್ತಾಗುವಂತಿತ್ತಾ ಎಂದು ಕೇಳಿದಳು. ಇಲ್ಲ, ಮುಖ ಮಾತ್ರ ಇತ್ತು ಎಂದೆ. ಅವ್ವ ಎಸರಿಗೆ ಹಿಟ್ಟು ಹಾಕಿದಳು.

"ಬರೀ ಅಣೆ ಅಸಯ್ಯ ಕಾಣ್ತಾ?"

"ಇಲ್ಲ ಕಣವ್ವ. ಪಟೇಲ್ರ ಎಂಡ್ತಿ ಅಣೇನೇ ಮಸಿ ಮೆತ್ತಿದಂಗಿತ್ತು."

ಸುಳ್ಳಲ್ಲ. ಕಪ್ಪು ಬಿಳುಪಿನ ಟಿವಿಯಲ್ಲಿ ಕುಂಕುಮ ಮಸಿಯ ಹಾಗೇ ಕಾಣುವುದು. ಅವ್ವ ಹಿಟ್ಟಿನ ಕೋಲು ಹಿಡಿದುಕೊಂಡೇ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಕ್ಕು ಸುಧಾರಿಸಿಕೊಂಡು, ಇನ್ನೊಂದು ಸಲ ಹಾಕುತ್ತಾರಾ ಎಂದಳು. ಹಾಕುತ್ತಾರೆ ಎಂದೆ. ಹಾಕಿದರೆ ಈ ಸಲ ಮುಂದೆ ಹೋಗಿ ಕೂರುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ ಎಂದಳು.

ಅಂದಿನಿಂದ ವಾರವಾರವೂ ಅದೇ ದಿನ, ಆ ಹೊತ್ತಿಗೆ, ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ನಮ್ಮ ಹೊಸ್ತಿಲ ಮೇಲೆ ನಿಲ್ಲುವಳು. ಪಟೇಲರ ಮನೆಯ ಟಿವಿ ನಮ್ಮ ಮನೆಯವರೆಗೆ ಕೇಳಿಸುತ್ತಿತ್ತು. ತೊಳೆದ ಸೀರೆ ಉಟ್ಟಿರುವಳು, ತಲೆ ಬಾಚಿರುವಳು. ಅವಳ ದನಿ ಕೇಳಿಸಿದರೆ ಇಬ್ಬರೂ ಓಡುವುದೆಂದು ಮಾತಾಗಿತ್ತು. ಜಾಹೀರಾತು ಕೇಳಿಸುವುದು, ವಾರ್ತೆ ಕೇಳಿಸುವುದು, ಯಾರದೋ ಪಿಟೀಲು ಕೇಳಿಸುವುದು. ಬಣ್ಣದ ಟಿವಿ ಬಂದ ಮೇಲೂ ನಿಲ್ಲುತ್ತಿದ್ದಳು. ನನ್ನ ಮನೆಗೆ ಬಂದಿದ್ದಾಗ ನನ್ನ ಟಿವಿಯ ಮುಂದೆಯೂ ಆ ದಿನ ಆ ಹೊತ್ತಿಗೆ ನೆಟ್ಟಗೆ ಕೂರುತ್ತಿದ್ದಳು.

ಅದನ್ನು ಮತ್ತೆ ಹಾಕಲಿಲ್ಲ. ಆ ಮುಖವನ್ನು ಊರೆಲ್ಲ ನೋಡಿತ್ತು, ಅವಳೊಬ್ಬಳು ನೋಡಲಿಲ್ಲ.